ಅಕವಾಲಿ ನಡೆಯುವ ಹೊತ್ತು

ಬೆಳಗಿನ ನಮಾಜು ಮುಗಿದು ಜನ ಇನ್ನೂ ಮಸೀದಿಯ ಮೆಟ್ಟಿಲಲ್ಲೇ ಚಪ್ಪಲಿ ಹುಡುಕುತ್ತಿರುವಾಗ ಓಣಿಯ ತುದಿಯಿಂದ ಗೊರಸಿನ ಸದ್ದು ಕೇಳುತ್ತಿತ್ತು. ಮರಳುಗಾಡಿನಿಂದ ಬೀಸುವ ಗಾಳಿ ಚಳಿಗಾಲವಿಡೀ ನಮ್ಮ ಗಿದನ್ ದೋರಾವಾ ಊರಿನ ಮೇಲೆ ಬಿಳಿ ಧೂಳು ಹೊದಿಸಿರುತ್ತದೆ. ಆ ಬಿಳುಪಿನೊಳಗಿಂದ ಮೊದಲು ಸದ್ದು, ಆಮೇಲೆ ಕರಿ ಕುದುರೆ ಅಕವಾಲಿ, ಕಡೆಗೆ ಹಗ್ಗ ಹಿಡಿದ ದರ್ಜಿ ತಾನಿಮು ಮೂಡಿ ಬರುತ್ತಿದ್ದರು. ಎಷ್ಟು ನಿಧಾನವೆಂದರೆ, ನೋಡುತ್ತಿದ್ದವರಿಗೆ ತಾವೇ ಇನ್ನೂ ಸರಿಯಾಗಿ ಎಚ್ಚರಗೊಂಡಿಲ್ಲವೇನೋ ಅನ್ನಿಸುತ್ತಿತ್ತು.

ನೀಲಿ ಬಣ್ಣದ ಗುಂಡಿಯ ಪಕ್ಕ ಬಟ್ಟೆ ಅದ್ದುತ್ತಿದ್ದ ಮುದುಕ ತಲ್ಲೆ ಮೊಣಕೈತನಕ ನೀಲಿಯಾಗಿದ್ದ ಕೈಯನ್ನು ಮೇಲೆತ್ತಿ ಕೇಳಿದ.

"ಏನೋ ತಾನಿಮು, ಇಬ್ರೂ ಮಾವನ ಮನೆಗೆ ಹೊರಟ್ರಾ?"

"ಹೂಂ ಕಾಕಾ. ಸಾಯಂಕಾಲದ ಹೊತ್ತಿಗೆ ಊರ ಬಾಗಿಲು ದಾಟ್ತೀವಿ."

"ಅಲ್ಲಾ, ಯಾರು ಯಾರನ್ನ ನಡೆಸ್ತಿರೋದು ಅಂತ ಗೊತ್ತಾಗ್ತಿಲ್ವಲ್ಲೋ!"

ಅದು ತಾನಿಮುವಿಗೂ ಗೊತ್ತಿರಲಿಲ್ಲ. ಅಕವಾಲಿ ನಿಂತರೆ ಅವನೂ ನಿಲ್ಲುತ್ತಿದ್ದ, ಅದು ಹೆಜ್ಜೆ ಇಟ್ಟರೆ ಅವನೂ ಇಡುತ್ತಿದ್ದ.

ಇದೆಲ್ಲ ಶುರುವಾದದ್ದು ಹೋದ ಬಕ್ರೀದಿನಲ್ಲಿ. ಬಕ್ರೀದ್, ರಂಜಾನ್ ಎರಡೂ ಹಬ್ಬದ ದಿನ ಅರಮನೆಯ ಬಯಲಲ್ಲಿ ನಮ್ಮ ಕಡೆ 'ಜಾಹಿ' ಎಂಬ ಕುದುರೆ ಓಟ ನಡೆಯುತ್ತದೆ. ಒಂದೊಂದು ಮನೆತನದಿಂದ ಎರಡೆರಡು ಕುದುರೆಗಳು ಬಯಲಿನ ಆ ತುದಿಯಿಂದ ಅರಸರತ್ತ ನಾಗಾಲೋಟದಲ್ಲಿ ನುಗ್ಗಬೇಕು. ಇನ್ನೇನು ಅರಸರ ಮೇಲೇ ಬಿದ್ದವು ಅನ್ನುವಾಗ ಲಗಾಮಿನ ಒಂದೇ ಎಳೆತಕ್ಕೆ ನಿಲ್ಲಬೇಕು. ಸವಾರ ಮುಷ್ಟಿ ಎತ್ತಿ ಕೂಗಿ ವಂದಿಸುತ್ತಾನೆ. ಎಷ್ಟು ಹತ್ತಿರ ಬಂದು, ಎಷ್ಟು ಗಕ್ಕನೆ ನಿಲ್ಲಿಸುತ್ತಾನೋ ಅಷ್ಟು ಗೌರವ. ಹಿಂಗಾಲು ಕುಸಿದು, ಕತ್ತು ಆಕಾಶಕ್ಕೆ ಎದ್ದು, ಬಾಯಲ್ಲಿ ನೊರೆ ಕಿತ್ತು ನಿಂತ ಕುದುರೆಯನ್ನು ಕಂಡು ಜನ "ಠೀವಿ ಅಂದ್ರೆ ಇದು!" ಎಂದು ಕುಣಿಯುತ್ತಾರೆ. ಹೋದ ಬಕ್ರೀದಿನಲ್ಲಿ ತಾನಿಮು ಎಳೆದ ಎಳೆತದ ಮಾತು ವಾರವಿಡೀ ಸಂತೆಯಲ್ಲಿ ನಡೆಯಿತು. ಆದರೆ ಅಂದು ಮನೆಗೆ ಮರಳುವಾಗಲೇ ಅಕವಾಲಿ ಎಡ ಮುಂಗಾಲನ್ನು ಕೆಂಡದ ಮೇಲೆ ಇಡುವಂತೆ ಇಡುತ್ತಿತ್ತು.

ದನದಾಸ್ಪತ್ರೆಯ ಡಾಕ್ಟರಮ್ಮ ಅಸಾಬೆ ಬಂದು ಕಾಲಿನ ಹಿಂಬದಿಯನ್ನು ಬೆರಳಿಂದ ಒತ್ತಿ ನೋಡಿದ್ದಳು.

"ಮೂಳೆ ಮುರಿದಿಲ್ಲ. ಮುರಿದಿದ್ರೆ ನೀನು ನನ್ನ ಮಾತು ಕೇಳ್ತಿದ್ದೆ. ಮೂಳೆ ಹಿಡ್ಕೊಂಡಿರೋ ಕಟ್ಟುನಾರು ಹರಿದಿದೆ. ಅದು ಹೊರಗೆ ಕಾಣಲ್ಲ ನೋಡು, ಅದಕ್ಕೇ ಯಾರೂ ನಂಬಲ್ಲ."

"ಎಷ್ಟು ದಿನ ಬೇಕು ಡಾಕ್ಟರಮ್ಮ?"

"ದಿನ ಎಣಿಸಬೇಡ. ಮಳೆ ಬಂದು ಹೋಗ್ಲಿ, ಜೋಳ ಕೊಯ್ದಾಗ್ಲಿ, ಧೂಳುಗಾಳಿ ಬಂದು ಹೋಗ್ಲಿ. ಆಮೇಲೆ ಕೇಳು."

ಕಾದ ಕಬ್ಬಿಣದಿಂದ ಕಾಲಿಗೆ ಬರೆ ಹಾಕಿಸಿದರೆ ತಿಂಗಳಲ್ಲಿ ಓಡುತ್ತದೆ ಎಂದು ಹೇಳಿಕೊಂಡು ಹಿರಿಯರು ಒಬ್ಬರ ಹಿಂದೆ ಒಬ್ಬರು ಬಂದರು. ತಾನಿಮುವಿನ ಹೆಂಡತಿ ದೇಲು ಅವರನ್ನೆಲ್ಲ ಹೊಸ್ತಿಲಲ್ಲೇ ನಿಲ್ಲಿಸಿದಳು. "ನಿಮಗೆ ಮೊಣಕಾಲು ನೋವಿದೆಯಲ್ಲಾ ಅಜ್ಜಾ, ಮೊದಲು ನೀವು ಹಾಕಿಸ್ಕೊಂಡು ಬನ್ನಿ. ಗುಣ ಆಯ್ತು ಅಂದ್ರೆ ನಾವೂ ಹಾಕಿಸ್ತೀವಿ" ಎಂದಳು. ಆಮೇಲೆ ಯಾರೂ ಬರಲಿಲ್ಲ.

ತಾನಿಮು ತನ್ನ ಹೊಲಿಗೆ ಯಂತ್ರವನ್ನು ಲಾಯದ ಪಕ್ಕಕ್ಕೇ ತಂದಿಟ್ಟುಕೊಂಡ. ಮಳೆಗಾಲವೆಲ್ಲ ಹಾಗೇ ಕಳೆಯಿತು. ಯಂತ್ರದ ಸದ್ದು, ಹುಲ್ಲುಮಾಡಿನ ಮೇಲೆ ಮಳೆಯ ಸದ್ದು, ಕುದುರೆ ಮೇವು ಜಗಿಯುವ ಸದ್ದು. ಆಗಾಗ ಎದ್ದು ಕಾಲಿಗೆ ಸುತ್ತಿದ ಒದ್ದೆ ಬಟ್ಟೆ ಬದಲಿಸುತ್ತಿದ್ದ. ಆಮೇಲೆ ಲಾಯದಿಂದ ಬಾವಿಯವರೆಗೆ, ಬಾವಿಯಿಂದ ಬಣ್ಣದ ಗುಂಡಿಯವರೆಗೆ, ಕೊನೆಗೆ ಹೊಳೆಯ ದಡದ ಈರುಳ್ಳಿ ಪಾತಿಗಳವರೆಗೆ ನಡಿಗೆ ಬೆಳೆಯಿತು. ಬಾಯಿಗೆ ಕಬ್ಬಿಣವಿಲ್ಲ, ಬೆನ್ನಿಗೆ ಜೀನಿಲ್ಲ, ಕತ್ತಿಗೊಂದು ಹಗ್ಗ ಅಷ್ಟೆ. ಅಕವಾಲಿ ತಲೆಯನ್ನು ಅವನ ಹೆಗಲ ಮಟ್ಟಕ್ಕೆ ಇಳಿಬಿಟ್ಟು, ಜೋಳದ ದಂಟಿನ ವಾಸನೆಯ ಬೆಚ್ಚನೆ ಉಸಿರನ್ನು ಅವನ ಕಿವಿಗೆ ಬಿಡುತ್ತಾ ನಡೆಯುತ್ತಿತ್ತು.

ಆ ಬಿಳಿ ಬೆಳಗುಗಳಲ್ಲಿ ತಾನಿಮುವಿಗೆ ಸುಮ್ಮಸುಮ್ಮನೆ ಸುಖವಾಗುತ್ತಿತ್ತು. ಹುಟ್ಟಿದಾರಭ್ಯ ಕುದುರೆಯ ಮೇಲೆ ಕೂತು ಓಡಾಡಿದ್ದ ದಾರಿಯೇ ಅದು. ಆದರೂ ಗೋಡೆಯ ಬಿರುಕಿನಲ್ಲಿ ಗುಬ್ಬಿ ಗೂಡಿರುವುದು, ಹುಣಸೆಮರದ ಬೇರು ದಾರಿಯನ್ನು ದಾಟಿ ಆಚೆ ಹೋಗಿರುವುದು ಅವನಿಗೆ ಗೊತ್ತೇ ಇರಲಿಲ್ಲ. ಹೊಳೆಯ ಹತ್ತಿರ ಧೂಳಿನೊಳಗೆ ಸೂರ್ಯ ಹಾಲಿನಲ್ಲಿ ಬಿದ್ದ ಮೊಟ್ಟೆಯ ಹಳದಿಯಂತೆ ತೇಲುತ್ತಿದ್ದ. ಸೂರ್ಯನತ್ತ ಮುಖ ಮಾಡಿ ಇಬ್ಬರೂ ನಿಂತಿರುತ್ತಿದ್ದರು. ಎಷ್ಟು ಹೊತ್ತು ಎಂದು ಕೇಳಿದರೆ ತಾನಿಮು ಹೇಳಲಾರ.

ರಂಜಾನ್ ತಿಂಗಳು ಬಂತು. ಒಂದು ಸಂಜೆ ಉಪವಾಸ ಬಿಡುವ ಹೊತ್ತಿಗೆ ಅಣ್ಣ ದಿಕ್ಕೋ ಮನೆಗೆ ಬಂದ. ಅಪ್ಪ ತೀರಿಕೊಂಡ ಮೇಲೆ ಮನೆತನದ ಮದಾಕಿ ಪದವಿ, ಅಂದರೆ ಅರಸರ ಸವಾರರ ಮುಖಂಡಿಕೆ, ಅವನದೇ. ಜಾಹಿಯಲ್ಲಿ ಅರಮನೆಯ ಕಾವಲಿನವರು ಓಡಿದ ಕೂಡಲೇ ಮೊದಲು ಓಡುವ ಹಕ್ಕು ಮದಾಕಿ ಮನೆಗೆ. ದೇಲು ಸಜ್ಜೆಯ ಉಂಡೆ ಕದಡಿದ ಮಜ್ಜಿಗೆ, ಬಿಸಿ ಕೊಸೈ ವಡೆ ತಂದಿಟ್ಟಳು. ದಿಕ್ಕೋ ಗಟಗಟನೆ ಕುಡಿದು ಬಟ್ಟಲು ಕೆಳಗಿಟ್ಟ.

"ನಿನ್ನ ಕುದುರೆ ದಿನಾ ಹೊಳೆಗೆ ಹೋಗಿ ಬರುತ್ತಂತೆ. ಹಾಗಾದ್ರೆ ಹಬ್ಬಕ್ಕೆ ತಯಾರು ಅನ್ನು."

"ನಡೀತಿದೆ ಅಣ್ಣ. ಓಡ್ತಿಲ್ಲ."

"ಓಡ್ಸಿದ್ರೆ ತಾನೇ ಓಡೋದು! ನೋಡು ತಾನಿಮು, ಎರಡು ಕುದುರೆ ಇಲ್ಲದ ಮನೆ ಹಿಂದಿನ ಸಾಲಿಗೆ ಹೋಗುತ್ತೆ. ನಮ್ಮ ಜಾಗಕ್ಕೆ ಬಾಯಿ ಬಿಟ್ಕೊಂಡು ಕಾಯ್ತಿರೋರು ಎಷ್ಟು ಜನ ಅಂತ ನಿಂಗೇ ಗೊತ್ತು. ಒಂದ್ಸಲ ಹೋದ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ವಾಪಸ್ ಬರಲ್ಲ."

"ಯಾರ ಹತ್ರಾನಾದ್ರೂ ಒಂದು ಕುದುರೆ ಕೇಳಿ ತರೋಣ."

"ಬೇಡಿ ತಂದ ಕುದುರೆ ಮೇಲೆ ಮದಾಕಿ ಮನೆಯವರಾ? ಅದಕ್ಕಿಂತ ನಾನು ಕತ್ತೆ ಮೇಲೆ ಹೋಗ್ತೀನಿ ಬಿಡು." ದಿಕ್ಕೋ ದನಿ ತಗ್ಗಿಸಿದ. "ಸಂತೇಲಿ ಸೂಜಿ ಮದ್ದು ಸಿಗುತ್ತೆ. ಬೆಳಿಗ್ಗೆ ಚುಚ್ಚಿದ್ರೆ ಸಂಜೆತನಕ ನೋವೇ ಗೊತ್ತಾಗಲ್ಲ. ಒಂದೇ ಒಂದು ಓಟ, ಒಂದೇ ಎಳೆತ. ಆಮೇಲೆ ಬೇಕಾದ್ರೆ ವರ್ಷವೆಲ್ಲಾ ತೊಟ್ಟಿಲಲ್ಲಿ ಹಾಕಿ ತೂಗು."

ದಿಕ್ಕೋ ಕೆಟ್ಟವನಲ್ಲ. ಅಪ್ಪನ ಪೇಟ ತಲೆಗೆ ಬಂದಾಗಿನಿಂದ ಅದರ ಭಾರಕ್ಕೆ ಕುತ್ತಿಗೆ ಬಿಗಿಹಿಡಿದುಕೊಂಡೇ ಬದುಕಿದವನು. ತಾನಿಮುವಿಗೂ ಆಸೆಯಿರಲಿಲ್ಲ ಎಂದಲ್ಲ. ಆ ಕೂಗು, ಆ ಧೂಳು, ಎತ್ತಿದ ಮುಷ್ಟಿ ಅವನ ಕನಸಿನಲ್ಲಿ ಮತ್ತೆಮತ್ತೆ ಬರುತ್ತಿದ್ದವು. "ನೋಡೋಣ ಅಣ್ಣ" ಎಂದುಬಿಟ್ಟ.

ಮರುದಿನ ಡಾಕ್ಟರಮ್ಮನನ್ನು ಕೇಳಿದ. ಅವಳು ಕಾಲು ಮುಟ್ಟಿ ನೋಡಿ ಎದ್ದು ನಿಂತಳು.

"ನಡೆಯೋ ಮಟ್ಟಿಗೆ ಕೂಡಿದೆ, ಓಡಿ ಗಕ್ಕನೆ ನಿಲ್ಲೋ ಮಟ್ಟಿಗಲ್ಲ. ನೋವು ಅನ್ನೋದೊಂದೇ ಈಗ ಇದನ್ನ ಕಾಯ್ತಿರೋದು. ನೀನು ಸೂಜಿ ಹಾಕಿ ಆ ಕಾವಲುಗಾರನ್ನೇ ಮಲಗಿಸ್ತೀಯಾ? ಹಾಕು. ಆದ್ರೆ ಮುಂದಿನ ಸಲ ನನ್ನ ಕರೀಬೇಡ, ಕಟುಕನ್ನ ಕರಿ."

ತಾನಿಮು ತಲೆ ತಗ್ಗಿಸಿದ. ಆದರೂ ಅಣ್ಣನಿಗೆ ಆಗುವುದಿಲ್ಲ ಎಂದು ಹೇಳಿ ಕಳಿಸಲಿಲ್ಲ. ಹಬ್ಬ ಹತ್ತಿರ ಬಂದ ಹಾಗೆ ಊರೆಲ್ಲ ಡೋಲು ಹದ ಮಾಡುವ ಸದ್ದು, ಅವನ ಯಂತ್ರದ ಕೆಳಗೆ ಹಬ್ಬದ ನಿಲುವಂಗಿಗಳು. ಸೂಜಿಯ ಮಾತನ್ನು ಅವನು ಮನಸ್ಸಿನ ಮೂಲೆಗೆ ತಳ್ಳುತ್ತಲೇ ಇದ್ದ.

ಹಬ್ಬದ ಹಿಂದಿನ ಮಧ್ಯಾಹ್ನ ಗೂಟದಿಂದ ಜೀನು ಇಳಿಸಿದ, ಧೂಳು ಹೊಡೆದ. ಕಡಿವಾಣವನ್ನು ಬೂದಿ ಹಾಕಿ ತಿಕ್ಕಿ ಹೊಳೆಯಿಸಿದ. ಅಳತೆ ನೋಡುವುದಕ್ಕೆಂದು ಅಕವಾಲಿಯ ಬಾಯಿಗೆ ಹಾಕಿ ಪಟ್ಟಿ ಬಿಗಿದು ಲಗಾಮನ್ನು ಕೆಳಕ್ಕೆ ಬಿಟ್ಟ. ಹಾಗೆ ಬಿಟ್ಟದ್ದೇ ತಡ, ಕುದುರೆಯ ತಲೆ ದಿಗ್ಗನೆ ಮೇಲೆದ್ದಿತು. ಕತ್ತು ಬಿಲ್ಲಾಯಿತು, ಮೂಗಿನ ಹೊಳ್ಳೆ ಅರಳಿತು, ಕಣ್ಣಿನಲ್ಲಿ ಬಿಳಿ ಕಂಡಿತು.

ಅದೇ ಗಳಿಗೆಗೆ ದಿಕ್ಕೋ ಕಾಗದದಲ್ಲಿ ಸುತ್ತಿದ ಸೂಜಿಮದ್ದು ಹಿಡಿದು ಒಳಗೆ ಬಂದ.

"ಆಹಾ! ನೋಡೋ ಠೀವಿ! ಗುಣ ಆಗಿಲ್ಲ ಅಂದ್ಯಲ್ಲೋ ಕಳ್ಳ!"

ತಾನಿಮು ಕುದುರೆಯನ್ನೇ ನೋಡುತ್ತಿದ್ದ. ಇಷ್ಟು ತಿಂಗಳು ಹೆಗಲ ಮೇಲೆ ತೂಗಿದ ತಲೆ ಇದೇನಾ ಎಂದು ಅವನಿಗೆ ನಂಬಿಕೆಯಾಗಲಿಲ್ಲ.

"ಅಣ್ಣಾ, ಲಗಾಮು ನಿನ್ನ ಕೈಲಿದೆಯಾ?"

"ನನ್ನ ಕೈಲಿ ಯಾಕಿರುತ್ತೆ?"

"ನನ್ನ ಕೈಲೂ ಇಲ್ಲ. ನೆಲದ ಮೇಲೆ ಬಿದ್ದಿದೆ ನೋಡು. ಮತ್ತೆ ಯಾರು ಎಳೀತಿದ್ದಾರೆ?"

ತಾನಿಮು ಪಟ್ಟಿ ಸಡಿಲಿಸಿ ಕಡಿವಾಣ ಕಳಚಿದ. ಅಕವಾಲಿ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಆಮೇಲೆ ಕತ್ತು ಒಂದಿಷ್ಟು ಇಳಿಯಿತು, ಮತ್ತೊಂದಿಷ್ಟು ಇಳಿಯಿತು, ಕಡೆಗೆ ಗಲ್ಲ ಬಂದು ಅವನ ಹೆಗಲ ಮೇಲೆ ಕೂತಿತು. ಕುದುರೆ ಮೈ ನಡುಗುತ್ತಿತ್ತು. ತಾನಿಮುವಿಗೆ ಅಳು ಬಂತು. ಅಣ್ಣನ ಮುಂದೆ ಎಂದೂ ಅತ್ತವನಲ್ಲ.

"ಅಪ್ಪನ ಕಾಲದಿಂದ ಇದನ್ನ ಠೀವಿ ಅಂದ್ಕೊಂಡಿದ್ದೀವಲ್ಲೋ ಅಣ್ಣಾ. ಹೆದರ್ಕೊಂಡಿದೆ ಅಷ್ಟೇ."

"ಪ್ರಾಣಿ ಅಂದ್ಮೇಲೆ ಸ್ವಲ್ಪ ಭಯ ಇರ್ಬೇಕು," ಎಂದ ದಿಕ್ಕೋ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ. ಕಾಗದದ ಪೊಟ್ಟಣವನ್ನು ಮೇವಿನ ತೊಟ್ಟಿಯ ಅಂಚಿನ ಮೇಲಿಟ್ಟು ಬಾಗಿಲ ಕಡೆ ನಡೆದ. "ನಾಳೆ ಎರಡು ಕುದುರೆ ಬಯಲಲ್ಲಿ ಇರ್ಬೇಕು. ಹೇಗೆ ಬರುತ್ತೋ ನಂಗೊತ್ತಿಲ್ಲ."

ಆ ಪೊಟ್ಟಣವನ್ನು ದೇಲು ಒಲೆಗೆ ಹಾಕಿದಳು.

ಹಬ್ಬದ ಬಯಲಿಗೆ ತಾನಿಮು ನಡೆದೇ ಬಂದ. ಮೈಮೇಲೆ ತಾನೇ ಹೊಲಿದ ಬಿಳಿ ನಿಲುವಂಗಿ, ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕೆಂಪು ಬಟ್ಟೆ ಹೊದ್ದ ಅಕವಾಲಿ. ಅಣ್ಣ ತನ್ನ ಬೂದು ಕುದುರೆಯ ಮೇಲೆ ಕೂತು ಇವನನ್ನು ಮೇಲಿಂದ ಕೆಳಗೆ ನೋಡಿದ. ಸಾಲು ಹಚ್ಚುತ್ತಿದ್ದ ಅರಮನೆಯವನು ಓಡಿಬಂದ.

"ಇದೇನು ಮದಾಕಿ? ನಿಮ್ಮ ತಮ್ಮ ಕುದುರೆ ಮಾರೋಕೆ ಬಂದಿದ್ದಾನಾ?"

ಸುತ್ತಲಿದ್ದವರು ಗೊಳ್ಳೆಂದರು. ತಾನಿಮು ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡ. ಜಾಗ ಹೋಯಿತು, ಅಣ್ಣನ ಮಾನವನ್ನೂ ತಾನೇ ಕಳೆದೆ ಎಂದುಕೊಂಡ.

ದಿಕ್ಕೋ ಮುಖ ಗಂಟಿಕ್ಕಿಕೊಂಡು ಹೇಳಿದ. "ಮದಾಕಿ ಮನೆಯಿಂದ ಎರಡು ಕುದುರೆ ಬರ್ಬೇಕು. ಬಂದಿವೆ. ಎಣಿಸೋಕೆ ಬರುತ್ತೆ ತಾನೇ ನಿಂಗೆ?" ಆಮೇಲೆ ತಮ್ಮನ ಕಡೆ ನೋಡದೆ, "ನೀನು ಮೊದಲು ಹೊರಡು. ನೀನು ತಲುಪೋಷ್ಟರಲ್ಲಿ ನಾನು ಮನೆಗೆ ಹೋಗಿ ಉಂಡು ಬರಬಹುದು" ಎಂದ.

ತಾನಿಮು ಹೊರಟ. ಎಲ್ಲರೂ ಗಾಳಿಯಂತೆ ದಾಟುವ ಆ ಬಯಲು ಎಷ್ಟು ದೊಡ್ಡದೆಂದು ಅವನಿಗೆ ಈಗಲೇ ತಿಳಿದದ್ದು. ಮೊದಲು ನಗು, ಸಿಳ್ಳೆ. ಡೋಲಿನವರು ಓಟದ ಬಡಿತ ಬಡಿದು ನೋಡಿದರು, ಹೆಜ್ಜೆಗೆ ಕೂಡಲಿಲ್ಲ, ನಿಲ್ಲಿಸಿದರು. ಹಾಗೆ ಸದ್ದೆಲ್ಲ ಅಡಗಿದಾಗ ಧೂಳಿನ ಬೆಳಕಿನಲ್ಲಿ ಗೊರಸಿನ ಸದ್ದೊಂದೇ ಉಳಿಯಿತು. ಹೊಳೆಯ ದಾರಿಯಲ್ಲೇ ನಡೆಯುತ್ತಿದ್ದೇನೆ ಎಂದು ತಾನಿಮುವಿಗೆ ಅನ್ನಿಸಿತು. ಕಿವಿಯ ಹತ್ತಿರ ಅದೇ ಬೆಚ್ಚನೆ ಉಸಿರು. ಒಬ್ಬ ಡೋಲಿನವನು ಮೆಲ್ಲಗೆ, ಹೆಜ್ಜೆಗೊಂದು ಬಡಿತ ಕೊಡತೊಡಗಿದ.

ಕೊಡೆಯ ಕೆಳಗೆ ಕೂತಿದ್ದ ಮುದಿ ಅರಸರ ಮುಂದೆ ಅವನು ನಿಂತು, ಮುಷ್ಟಿ ಎತ್ತಿ ಕೂಗಿದ. ದನಿ ಒಡೆಯಿತು. ಅಕವಾಲಿ ತಲೆ ತಗ್ಗಿಸಿಕೊಂಡೇ ಇತ್ತು. ಅರಸರು ಕುದುರೆಯ ಕಾಲನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿ ಎಲ್ಲರಿಗೂ ಎತ್ತುವಂತೆಯೇ ಕೈ ಎತ್ತಿದರು. ಅವನು ಪಕ್ಕಕ್ಕೆ ಸರಿದು ನಿಂತ.

ಆಗ ಬಯಲಿನ ಆ ತುದಿಯಿಂದ ದಿಕ್ಕೋ ನುಗ್ಗಿದ. ಜನ ಕಾದಿದ್ದು ಇದಕ್ಕೇ. ಡೋಲುಗಳು ಹುಚ್ಚೆದ್ದವು. ಬೂದು ಕುದುರೆ ಧೂಳಿನ ಮೋಡವನ್ನೇ ಎಳೆದುಕೊಂಡು ಬರುತ್ತಿತ್ತು. ಅಣ್ಣನ ಬಲಗೈ ಲಗಾಮಿನ ಜೊತೆ ಮೇಲೇಳುವುದನ್ನು ತಾನಿಮು ಕಂಡ, ಕಣ್ಣು ಮುಚ್ಚಿಕೊಂಡ.

ಕಣ್ಣು ಬಿಟ್ಟಾಗ ಕೈ ಕೆಳಗಿಳಿದಿತ್ತು. ಅರಸರಿಂದ ಇನ್ನೂ ಸಾಕಷ್ಟು ದೂರದಲ್ಲೇ ಓಟ ಸಡಿಲಾಗಿ, ಕುಪ್ಪಳಿಕೆಯಾಗಿ, ನಡಿಗೆಯಾಯಿತು. ಹಿಂದಿನ ಧೂಳು ನೆಲಕ್ಕೆ ಕೂತ ಮೇಲೆ ದಿಕ್ಕೋ ಅರಸರ ಮುಂದೆ ಬಂದು ನಿಂತು ಮುಷ್ಟಿ ಎತ್ತಿದ. ಗುಂಪಿನಲ್ಲಿ ಯಾರೋ "ಮದಾಕಿ ಕೈ ಬಿದ್ದುಹೋಯ್ತಾ?" ಎಂದು ಕೂಗಿದರು. ಅರಸರ ಕೈ ಮತ್ತೆ ಮೇಲೆದ್ದಿತು.

ದಿಕ್ಕೋ ತಮ್ಮನ ಪಕ್ಕಕ್ಕೆ ಕುದುರೆ ತಂದು ಇಳಿದ. ಮುಖ ಕೆಂಪಾಗಿತ್ತು.

"ಎಳೀಬೇಕು ಅಂತಲೇ ಬಂದೆ ಕಣೋ," ಎಂದ, ಜಗಳಕ್ಕೆ ಬಂದವನಂತೆ. "ನಿನ್ನ ಕುದುರೆ ಅಲ್ಲಿ ನಿಂತ್ಕೊಂಡು ನನ್ನೇ ನೋಡ್ತಿತ್ತು."

ತಾನಿಮು ಬೂದು ಕುದುರೆಯ ಮೂತಿ ಸವರಿದ. ಪ್ರತಿ ಹಬ್ಬದಲ್ಲೂ ಈ ಹೊತ್ತಿಗೆ ಕಡಿವಾಣ ಕೊಯ್ದ ರಕ್ತಕ್ಕೆ ಕೆಂಪಾಗಿರುತ್ತಿದ್ದ ನೊರೆ ಅವನ ಅಂಗೈಯಲ್ಲಿ ಬೆಳ್ಳಗೇ ಇತ್ತು. ಅವನು ಆ ಕೈಯನ್ನು ಅಣ್ಣನ ಮುಂದೆ ಹಿಡಿದ. ದಿಕ್ಕೋ ಅದನ್ನು ನೋಡಿ, ತನ್ನ ಪೇಟದ ತುದಿಯಿಂದ ಆ ಕೈಯನ್ನು ಒರೆಸಿದ.