ಪಂಪು ನಿಲ್ಲಿಸಿದ ಫೋನು

ಇಪ್ಪತ್ತಾರು ವರ್ಷ ನಾನು ಈ ಊರಿಗೆ ಹೇಳಿದ್ದು ಒಂದೇ ಮಾತು: ನಿಲ್ಲಿಸಿ. ಕಲ್ಲಿದ್ದಲು ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಕೂತು ಒಂದು ಅಂಕಿಯನ್ನು, ಅಂದರೆ ಕರೆಂಟಿನ ಫ್ರೀಕ್ವೆನ್ಸಿಯನ್ನು, ಕಾಯುವುದು ನನ್ನ ಕೆಲಸ. ಅದು ಐವತ್ತರ ಹತ್ತಿರವೇ ಇರಬೇಕು. ಕರೆಂಟ್ ಸಾಲದೇ ಹೋದರೆ ಇಳಿಯುತ್ತದೆ. ಇಳಿದ ಕೂಡಲೇ ನೀರಿನ ಪಂಪ್‌ಹೌಸಿಗೆ ಫೋನ್ ಮಾಡಿ ಪಂಪು ಬಂದ್ ಮಾಡಿಸುತ್ತಿದ್ದೆ. ಮನೆಯಲ್ಲೂ ಅದೇ ಚಾಳಿ. ಹೆಂಡತಿ ಮಿಕ್ಸಿ ಹಾಕಿದರೆ ನನ್ನ ಹುಬ್ಬು ಗಂಟಿಕ್ಕುತ್ತಿತ್ತು.

ಈಗ ಸ್ಥಾವರಕ್ಕೆ ಬೀಗ ಬಿದ್ದಿದೆ. ಊರಿಗೆಲ್ಲ ಬಿಸಿಲು, ಗಾಳಿಯ ಕರೆಂಟು. ಹೊಸ ಕಂಟ್ರೋಲ್ ರೂಮಿನಲ್ಲಿ ನನಗೆ ಮೂರು ತಿಂಗಳ ಮಟ್ಟಿಗೆ ಒಂದು ಕುರ್ಚಿ ಕೊಟ್ಟರು, ಪರೀಕ್ಷೆಗೆ. ನನ್ನ ಮಗಳ ವಯಸ್ಸಿನ ಮೇಡಂ ಮೇಲಧಿಕಾರಿ. ಅಂಕಿ ಅದೇ ಐವತ್ತು, ಕೆಲಸ ಮಾತ್ರ ತಲೆಕೆಳಗು. ಮಧ್ಯಾಹ್ನ ಬಿಸಿಲೇರಿದರೆ ಕರೆಂಟ್ ಮಿಕ್ಕಿ ಅಂಕಿ ಮೇಲೇರುತ್ತದೆ. ಆಗ ಮಿಕ್ಕಿದ್ದು ಖರ್ಚಾಗಲಿ ಅಂತ ಇನ್ನಷ್ಟು ಪಂಪು ಹಾಕಿ ಅನ್ನಬೇಕು. ಇಷ್ಟು ದಿನ ಫೋನ್ ಮೇಡಂ ಮಾಡುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಕಲಿಯುತ್ತಿದ್ದೆ. ಕೊನೆಯ ದಿನ ನನ್ನ ಸರದಿ. ಎಡವಿದರೆ ಮನೆಗೆ.

ಹನ್ನೆರಡೂವರೆಗೆ ಅಂಕಿ ಏರಿತು. ನನಗೆ ಎಲ್ಲ ಅರ್ಥವಾಗಿತ್ತು, ಆಣೆಗೂ. ಪಂಪ್‌ಹೌಸಿನ ಕೆಮ್ಮಣ್ಣನಿಗೆ ಫೋನ್ ಮಾಡಿದೆ. ಎರಡು ಮಾತಿಗೊಮ್ಮೆ ಕೆಮ್ಮುವ ಆಸಾಮಿ, ಅಷ್ಟೂ ವರ್ಷ ನನ್ನ ಮಾತು ಕೇಳಿದವನು.

"ನಿಲ್ಲಿಸಪ್ಪ," ಅಂದಿತು ನನ್ನ ಬಾಯಿ.

"ಆಯ್ತಣ್ಣ," ಅಂದ.

ಅಂಕಿ ಇನ್ನೂ ಮೇಲೆ ಹೋಯಿತು. ನಾನು ಪರದೆಯನ್ನೇ ಪಿಳಿಪಿಳಿ ನೋಡಿದೆ. ಮೇಡಂ ಓಡಿ ಬಂದರು.

"ಪಂಪು ಯಾಕೆ ನಿಂತ್ವು ಸರ್?"

"ನಾನೇ ನಿಲ್ಲಿಸೋಕೆ ಹೇಳಿದೆ. ಹಾಕು ಅನ್ನಬೇಕಿತ್ತು, ಗೊತ್ತಿತ್ತು. ನಿಲ್ಲಿಸು ಅಂತ ಯಾಕೆ ಅಂದೆನೋ ಗೊತ್ತಿಲ್ಲಮ್ಮ."

"ಸರಿ, ಈಗ ಹಾಕೋಕೆ ಹೇಳಿ." ಅವರೇ ಪಂಪ್‌ಹೌಸಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದರು.

"ಎಲ್ಲಾ ಪಂಪೂ ಹಾಕಪ್ಪ," ಅಂದೆ.

ಅತ್ತ ಕೆಮ್ಮು. ಆಮೇಲೆ, "ಯಾರು ಮಾತಾಡ್ತಿರೋದು?"

"ನಾನೇ ಕಣೋ."

"ತಮಾಷೆ ಬೇಡ. ನಮ್ಮಣ್ಣ ಒಂದಿನಾನೂ ಹಾಕು ಅಂದವನಲ್ಲ. ಈಗಷ್ಟೇ ನಿಲ್ಲಿಸು ಅಂದಿದ್ದಾನೆ. ಅವನಿಗೆ ಫೋನ್ ಕೊಡಿ."

ನಾನು ನಾನೇ ಅಂತ ಹೇಗೆ ಸಾಬೀತು ಮಾಡಲಿ? ಮೇಡಂ ಫೋನ್ ತೆಗೆದುಕೊಂಡು ಮಾತಾಡಿದರು. ಪಂಪು ಶುರುವಾದವು, ಅಂಕಿ ಇಳಿಯಿತು.

"ನಾಳೆಯಿಂದ ನೀವು ಪರದೆ ನೋಡ್ಕೊಳ್ಳಿ. ಫೋನ್ ನಾನೇ ಮಾಡ್ತೀನಿ," ಅಂದರು.

"ಅಂದ್ರೆ ಕುರ್ಚಿ ಉಳೀತಾ, ಹೋಯ್ತಾ?"

"ಉಳೀತು ಸರ್."

ಖುಷಿಪಡಬೇಕಿತ್ತು. ನಾನು ಕುರ್ಚಿಯನ್ನು ಫೋನಿನಿಂದ ಒಂದು ಮೊಳ ದೂರ ಸರಿಸಿದೆ. ಅಷ್ಟರಲ್ಲಿ ಫೋನ್ ಮತ್ತೆ ಬಡಿದುಕೊಂಡಿತು. ನಾನು ಎತ್ತಲಿಲ್ಲ, ಮೇಡಂ ಸ್ಪೀಕರ್ ಒತ್ತಿದರು.

"ಮೇಡಂ, ನಮ್ಮಣ್ಣ ಹುಷಾರಾಗಿದ್ದಾನಾ?" ಅಂತ ಕೇಳಿದ ಕೆಮ್ಮಣ್ಣ.

ಅವರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಹೌದು ಅಂತಲೋ ಇಲ್ಲ ಅಂತಲೋ ನನಗೇ ತಿಳಿಯಲಿಲ್ಲ.