ಸಂಜೆ ಒರೆಸೋದು ಹೇಗೆ

ಏಳು, ಬಾಗಿಲ ಮೇಲಿನ ಕೆಂಪು ಅಂಕಿ ಏಳು ಅನ್ನುತ್ತಿದೆ, ಆಸ್ಪತ್ರೆಯ ಈ ಮೂರನೇ ಲಿಫ್ಟು ಇವತ್ತು ಓಡಲೇಬಾರದಿತ್ತು, ಅದರ ಬ್ರೇಕು ಅರ್ಧ ಬಿಚ್ಚಿಟ್ಟ ಹಾಗೇ ಇದೆ, ಈಗಷ್ಟೇ ಮೇಲಿಂದ ಹೊರಟಿತಲ್ಲಮ್ಮ ಎಂದ ಕಾವಲುಗಾರ, ಮೇಲಿನವನು ವಾಕಿಟಾಕಿಯಲ್ಲಿ ಹೇಳಿದ್ದನ್ನು ಕೇಳಿ, ಒಳಗೆ ಯಾರಪ್ಪಾ ಇದ್ದಾರೆ, ಗಾಲಿಕುರ್ಚಿಯಲ್ಲಿ ಒಬ್ಬರು ಅಜ್ಜಿ, ತಳ್ಳೋಕೆ ಮೊಮ್ಮಗಳು — ಅಯ್ಯೋ ದೇವರೇ, ಕೆಳಗೆ ಬಾಗಿಲೆದುರು ನಿಂತ ನಿರ್ವಹಣಾ ಮುಖ್ಯಸ್ಥೆ ಫೋನನ್ನು ಕಿವಿಗೊತ್ತಿಕೊಂಡಿದ್ದಾಳೆ, ಆ ತುದಿಯಲ್ಲಿ ಕಂಪ್ಯೂಟರ್ ವಿಭಾಗದ ಕನ್ನಡಕದವನು, ಮೇಡಂ, ನಡುವೆ ನಿಲ್ಲಿಸೋಕೆ ಹೋದ್ರೆ ಅದೇ ಬ್ರೇಕ್ ಹಿಡೀಬೇಕು, ನಾನು ಮುಟ್ಟಲ್ಲ, ಮುಟ್ಟಬೇಡ ಮಾರಾಯ, ಆದರೆ ಬೆಳಿಗ್ಗೆ ಏಳಕ್ಕೆ ಕಂಪ್ಯೂಟರಿನಿಂದ ಇದರ ಬೀಗ ತೆಗೆದವನು ನೀನೇ ತಾನೇ, ಬೋರ್ಡಲ್ಲಿ ಎಲ್ಲಾ ಕೆಲಸದ ಕಾರ್ಡೂ 'ಮುಗಿದಿದೆ' ಸಾಲಿನಲ್ಲಿತ್ತು ಮೇಡಂ, ನಾನೇನು ಮಾಡ್ಲಿ, ಇತ್ತು, ಹೌದು, ಹಸಿರು ಹಸಿರಾಗಿ ಇತ್ತು, ಕಂಪ್ಯೂಟರ್ ಪರದೆಯ ಆ ಬೋರ್ಡನ್ನು ಆರಿಸಿ ತಂದವಳು ಅವಳೇ.

ಆರು. ಎರಡು ತಿಂಗಳು ತಲೆ ಕೆಡಿಸಿಕೊಂಡು ಹನ್ನೊಂದು ತಂತ್ರಾಂಶ ನೋಡಿದ್ದಳು, ಕಂಪ್ಯೂಟರಿನವರಿಗೂ ಸ್ಪ್ಯಾನರ್ ಹಿಡಿಯುವವರಿಗೂ ಒಂದೇ ಬೋರ್ಡ್, ಯಾರ ಕೆಲಸ ಎಲ್ಲಿಗೆ ಬಂತು ಅಂತ ಎಲ್ಲರಿಗೂ ಕಾಣಬೇಕು, ಕನ್ನಡಕದವನ ಗುಂಪನ್ನು ಆರು ಸಲ ಕೂರಿಸಿಕೊಂಡು ಕೇಳಿದಳು, ಕೆಳಗಿನ ರಿಪೇರಿ ಶೆಡ್ಡಿಗೆ ಹೋದದ್ದು ಒಂದೇ ಸಲ, ಅದೂ ನಿಂತ ಕಾಲಲ್ಲಿ, ಲಿಫ್ಟು ರಿಪೇರಿಯ ಮೇಸ್ತ್ರಿಗಳು ಒದ್ದೆ ಬಟ್ಟೆಯಲ್ಲಿ ಕರಿಹಲಗೆ ಒರೆಸುತ್ತಿದ್ದರು, ಮೂಲೆಯಿಂದ ಮೂಲೆಗೆ, ನಿಧಾನವಾಗಿ, ಮೂವತ್ತು ವರ್ಷದಿಂದ ಪ್ರತಿ ಸಂಜೆ ಹಾಗೇ, ಮುಗಿದದ್ದು ಮುಗಿಯದ್ದು ಎಲ್ಲ ಒರೆಸಿ, ಬೆಳಿಗ್ಗೆ ಬಾಕಿಯನ್ನು ನೆನಪಿನಿಂದಲೇ ಮತ್ತೆ ಬರೆಯುವುದು, ಬಾಕಿ ಕೆಲಸದ ಮುಖ ನೋಡ್ಕೊಂಡು ಮನೆಗೆ ಹೋದ್ರೆ ನಿದ್ದೆ ಹತ್ತಲ್ಲಮ್ಮ, ನಿಮ್ಮ ಬೋರ್ಡು ಚೆನ್ನಾಗೇ ಇದೆ, ಆದ್ರೆ ಇದನ್ನ ಸಂಜೆ ಒರೆಸೋದು ಹೇಗೆ ಅಂದರು — ಅವಳು ನಕ್ಕಳು, ಒರೆಸೋದೇ ಬೇಡ ಮೇಸ್ತ್ರಿಗಳೇ ಅಂದಳು, ಅವರ ಒರಟು ಬೆರಳು ಹಿಡಿದು ಪರದೆಯ ಮೇಲೆ ಕಾರ್ಡು ಎಳೆಯುವುದು ಕಲಿಸಿದಳು, ಇಲ್ಲಿಂದ ಇಲ್ಲಿಗೆ, ಮುಗಿದಿದೆ, ನೋಡಿ ಎಷ್ಟು ಸುಲಭ, ಕೆಟ್ಟ ಲಿಫ್ಟಿನ ಬಾಗಿಲಿಗೆ ನೇತುಹಾಕುತ್ತಿದ್ದ 'ಓಡಿಸಬಾರದು' ಎಂಬ ಕೆಂಪು ತಗಡನ್ನೂ ತೆಗೆಸಿದಳು, ಎರಡೆರಡು ಕಡೆ ಯಾಕೆ ಅಂತ, ಎಂಥಾ ಜಾಣೆ ನೀನು, ನಿನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ.

ಐದು. ಮೆಟ್ಟಿಲು ಹತ್ತಲೇ, ಹತ್ತಿ ಏನು ಮಾಡುತ್ತಿ, ಕೈಯಲ್ಲಿ ಹಿಡಿಯುತ್ತೀಯಾ, ಬೋರ್ಡಿನ ಹಳೇ ದಾಖಲೆ ಇವತ್ತು ನೋಡಿದಾಗಲೇ ಗೊತ್ತಾದದ್ದು, ದಿನಾ ಸಂಜೆ ಮೇಸ್ತ್ರಿಗಳು ಅಷ್ಟೂ ಕಾರ್ಡನ್ನು ಹಸಿರಿಗೆ ಎಳೆದು ಹೋಗಿದ್ದಾರೆ, ದಿನಾ ಬೆಳಿಗ್ಗೆ ಆರೂವರೆಗೆ ಬಂದು ಬಾಕಿಯನ್ನು ವಾಪಸ್ಸು ಎಳೆದಿದ್ದಾರೆ, ಬೀಗ ತೆಗೆಯುವ ಹೊತ್ತಿಗೆ ಸರಿಯಾಗೇ ಇರುತ್ತಿತ್ತು, ಯಾರ ಕಣ್ಣಿಗೂ ಬೀಳಲಿಲ್ಲ, ಇವತ್ತು ಅವರು ಬಂದಿಲ್ಲ, ಏಳು ಸಲ ಕರೆ ಮಾಡಿದರೂ ಎತ್ತಲಿಲ್ಲ — ನಾಲ್ಕು — ಬಂತು, ಅವರದೇ ಕರೆ, ಕನ್ನಡಕದವನನ್ನು ಬಿಟ್ಟು ಎತ್ತಿದಳು, ಮೇಸ್ತ್ರಿಗಳೇ ಮೂರನೇ ಲಿಫ್ಟು, ಬ್ರೇಕು, ಎಷ್ಟು ಹಿಡಿಯುತ್ತೆ ಅದು, ಆ ಕಡೆ ಮಕ್ಕಳ ಗಲಾಟೆ, ಏನೂ ಕೇಳಿಸ್ತಿಲ್ಲಮ್ಮ, ಮೊಮ್ಮಗಳನ್ನ ಶಾಲೆಗೆ ಸೇರಿಸೋಕೆ ಬಂದಿದೀನಿ, ಇವತ್ತೊಂದಿನ ರಜೆ, ಬೋರ್ಡಿನ ಚಿಂತೆ ಮಾಡ್ಬೇಡಿ, ನಿನ್ನೆ ಸಂಜೆ ನಾನೇ ಒರೆಸಿ ಬಂದಿದೀನಿ, ನೀವು ಹೇಳಿಕೊಟ್ಟ ಹಾಗೇ, ಒಂದೂ ಉಳಿಸಿಲ್ಲ.

ನಾಲ್ಕು. ನಾಲ್ಕೇ. ಮೂರು ಆಗು, ನನ್ನಪ್ಪಾ, ಮೂರು ಆಗು, ಅಜ್ಜಿಯ ಮಡಿಲಲ್ಲಿ ಮಾತ್ರೆಯ ಚೀಟಿ ಇರುತ್ತದೆ, ಮೊಮ್ಮಗಳು ಗಾಲಿಕುರ್ಚಿಯ ಹಿಡಿಕೆ ಬಿಟ್ಟಿರುವುದಿಲ್ಲ, ಒಳಗಿನಿಂದ ಒಂದು ಸದ್ದೂ ಇಲ್ಲ, ಒದ್ದೆ ಬಟ್ಟೆ, ಮೂಲೆಯಿಂದ ಮೂಲೆಗೆ, ನಾಲ್ಕು, ನಾಲ್ಕು — ಅಂಕಿ ಆರಿತು, ಬಾಗಿಲ ಮೇಲೆ ಬರೀ ಕರಿ ಚೌಕ, ಒರೆಸಿದ ಹಲಗೆ, ಒಂದೂ ಉಳಿಸಿಲ್ಲ