ಮುಸುರೆ ನೀರಿನ ಒಂದೆಲಗ

"ನಮ್ಮ ಬಾವಿ ಕಟ್ಟೆ ಮೇಲೆ ಈಗ ಮೀನು ಓಡಾಡ್ತಾವೇನೋ?"

ಕೊಟ್ರಮ್ಮ ಕೇಳಿದ್ದು ಯಾರನ್ನೂ ಅಲ್ಲ. ರೊಟ್ಟಿ ತಟ್ಟುತ್ತಿದ್ದಾಗ ತಾನಾಗಿ ಬಾಯಿಗೆ ಬಂದ ಮಾತು. ಹೊಸದುರ್ಗದ ಸೀಮೆಯ ಈ ಊರಿಗೆ ಅವಳು ಸೊಸೆಯಾಗಿ ಬಂದು ಎಂಟು ವರ್ಷವಾಗಿತ್ತು. ಮಾರಿಕಣಿವೆಗೆ ಕಟ್ಟೆ ಕಟ್ಟಿ ನೀರು ನಿಂತ ಮೇಲೆ ಅವಳ ತವರೂರು ಮುಳುಗಿತು. ಊರಿನವರು ದಿಣ್ಣೆಯ ಮೇಲೆ ಗುಡಿಸಲು ಹಾಕಿಕೊಂಡರು. ಅವಳ ತಾಯಿ ಅಲ್ಲಿ ಒಂದು ಮಳೆಗಾಲವನ್ನೂ ಕಾಣದೆ ತೀರಿಕೊಂಡಳು.

ನೀರು ಬಾವಿಯ ಹತ್ತಿರ ಬಂದ ದಿನ ಅಣ್ಣ ಏಕಾಂತಪ್ಪ ಅದರ ಬದಿಯಲ್ಲಿ ಹಬ್ಬಿದ್ದ ಒಂದೆಲಗವನ್ನು ಮಣ್ಣು ಸಮೇತ ಎಬ್ಬಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ತಂಗಿಗೆ ತಂದುಕೊಟ್ಟಿದ್ದ. ನೆಲಕ್ಕಂಟಿ ಹರಿಯುವ ಬಳ್ಳಿ, ಗೆಣ್ಣುಗೆಣ್ಣಿಗೂ ಬೇರು, ತೊಟ್ಟಿಗೊಂದೇ ದುಂಡನೆಯ ಎಲೆ. ಅವ್ವ ಅದರ ಚಟ್ನಿ ಅರೆದ ದಿನ ಮನೆಯಲ್ಲಿ ಎಲ್ಲರಿಗೂ ಒಂದೊಂದು ರೊಟ್ಟಿ ಹೆಚ್ಚು ಬೇಕಾಗುತ್ತಿತ್ತು. ಆ ಊರಿನದು ಅಂತ ಉಸಿರಾಡುವ ವಸ್ತು ಇನ್ನು ಅದೊಂದೇ.

ಕೊಟ್ರಮ್ಮ ಅದನ್ನು ಮನೆಯ ಮುಂದೆ, ಮೆಟ್ಟಿಲ ಪಕ್ಕದಲ್ಲೇ ನೆಟ್ಟಳು. ಸುತ್ತ ಸೆಗಣಿ ಸಾರಿಸಿದಳು, ವಿಭೂತಿ ಇಟ್ಟಳು. ದಿನವೂ ಪೂಜೆ ಮುಗಿಸಿ ಒಂದು ಚೆಂಬು ನೀರೆರೆಯುವಳು.

"ತವರಿಗೆ ದಿನಾ ನೀರು ಹಾಕ್ತೀಯ. ಹೊಲದಿಂದ ಬಂದೋನಿಗೆ ಒಂದು ಲೋಟ ಕೊಡೋರಿಲ್ಲ," ಎಂದು ಗಂಡ ಮುರುಗೇಶಪ್ಪ ಕೀಟಲೆ ಮಾಡುತ್ತಿದ್ದ.

ಶಿವರಾತ್ರಿ ಕಳೆಯುವ ಹೊತ್ತಿಗೆ ಎಲೆಗಳು ಸುಟ್ಟು ಮುದುಡಿದವು. ಎರಡು ಎಳೆಗಳಲ್ಲಿ ಮಾತ್ರ ಹಸುರು ಉಳಿದಿತ್ತು. ಕೊಟ್ರಮ್ಮ ಸೆರಗಿನಿಂದ ಅದಕ್ಕೆ ನೆರಳು ಮಾಡಿ ಕುಳಿತಿದ್ದಾಗ ಎದುರು ಮನೆಯ ಗಂಗಕ್ಕ ಬಂದಳು. ತೆಂಗಿನ ತೋಟಗಳಲ್ಲಿ ಕಾಲುವೆ ಬದು ಕೆತ್ತಿ ಬದುಕಿದವಳು.

"ಇದೇನ್ರಿ ಕೊಟ್ರಮ್ಮಾರೆ, ಒಂದೆಲಗಾನ ಬಿಸಿಲಿಗೆ ಹಾಕಿ ಹಪ್ಪಳ ಮಾಡ್ತೀರೇನು?"

"ನೀರು ಹಾಕ್ತಾನೇ ಇದೀನಲ್ಲ ಗಂಗಕ್ಕ."

"ಒಂದು ಚೆಂಬು ಎಲ್ಲಿಗೆ ಸಾಲ್ತೈತೆ? ಅದ್ರ ಕಾಲು ಯಾವಾಗ್ಲೂ ಒದ್ದೆ ಇರ್ಬೇಕು, ತಲೆ ಮೇಲೆ ಅರೆನೆರಳು ಇರ್ಬೇಕು. ಹಿತ್ತಲಾಗೆ ಬಾಳೆ ಬುಡಕ್ಕೆ ಮುಸುರೆ ನೀರು ಹರಿತೈತಲ್ಲ, ಅಲ್ಲಿಗೆ ಹಾಕ್ರಿ."

ಕೊಟ್ರಮ್ಮನ ಮುಖ ಕೆಂಪಗಾಯಿತು. "ನಮ್ಮವ್ವನ ಮನೇದನ್ನ ಪಾತ್ರೆ ತೊಳೆದ ನೀರಿಗೆ ಹಾಕ್ಲಾ? ನಿಂಗೆ ಏನಾದ್ರೂ ಬುದ್ಧಿ ಐತೇನೇ?"

ಗಂಗಕ್ಕ ಸಿಟ್ಟಾಗಲಿಲ್ಲ. "ಹೋಗ್ಲಿ ಬಿಡ್ರಿ. ನಿಮ್ಮೂರಾಗೆ ಇದು ಎಲ್ಲಿತ್ತು?"

"ಬಾವಿ ಬದಿಗೆ."

"ಬಾವಿ ಬದಿಗೆ ಅಂದ್ರೆ ಎಲ್ಲಿ? ನೆನಪು ಮಾಡ್ಕಳ್ರಿ."

ಕೊಟ್ರಮ್ಮ ಕಣ್ಣು ಮುಚ್ಚಿದಳು. ಹುಣಸೆ ಮರದ ನೆರಳು. ಅವ್ವ ಬೂದಿ ಹಾಕಿ ಕೊಡ ಬೆಳಗುತ್ತಿದ್ದಾಳೆ. ಆ ನೀರು ಕಲ್ಲು ದಾಟಿ, ಎಮ್ಮೆ ತುಳಿದ ಕೆಸರಿಗೆ ಹರಿಯುತ್ತಿದೆ. ಆ ಕೆಸರಿನ ಅಂಚಿನಲ್ಲೇ ಹಚ್ಚಗೆ, ಚಾಪೆ ಹಾಸಿದಂತೆ...

ಕಣ್ಣು ತೆರೆದಾಗ ನೀರು ತುಂಬಿತ್ತು. "ಅವ್ವ ಪಾತ್ರೆ ತೊಳೆಯೋ ತಾವೇ ಇತ್ತು ಕಣೇ ಗಂಗಕ್ಕ."

ಇಬ್ಬರೂ ಸೇರಿ ಆ ಎರಡು ಎಳೆಗಳನ್ನು ಬಾಳೆಯ ನೆರಳಿಗೆ ತಂದರು. ಗೆಣ್ಣು ಮಣ್ಣಿಗೆ ತಾಗುವಂತೆ ಮಲಗಿಸಿ ಮೇಲೆ ಚಿಟಿಕೆ ಮಣ್ಣು ಉದುರಿಸಿದರು. ಮೊದಲ ಮಳೆಗೆ ಚಿಗುರಿತು. ದೀಪಾವಳಿಗೆ ಚಾಪೆಯಗಲವಾಯಿತು. ಮುರುಗೇಶಪ್ಪನೇ ದನ ನುಗ್ಗದಂತೆ ಅದಕ್ಕೆ ಮುಳ್ಳು ಕಟ್ಟಿದ.

ಓದುವ, ಓದಿಸಿಕೊಂಡು ಕೇಳುವ ತಾಯಂದಿರೇ, ನಮ್ಮ ಬಯಲು ಸೀಮೆಯಲ್ಲಿ ಒಂದೆಲಗ ಎಲ್ಲೆಂದರಲ್ಲಿ ಬದುಕುವುದಿಲ್ಲ. ಬಾವಿ ಬದಿ, ಕಾಲುವೆ ಅಂಚು, ಹಿತ್ತಲಿನ ಒದ್ದೆ ನೆಲವೇ ಅದರ ಮನೆ. ಸೊಪ್ಪು ಬೇಕಾದಾಗ ಎಲೆಯನ್ನು ಉಗುರಿನಿಂದ ಚಿವುಟಿರಿ, ಬಳ್ಳಿಯನ್ನು ಎಳೆಯಬೇಡಿರಿ. ತಿನ್ನುವ ಮುಂಚೆ ಶುದ್ಧ ನೀರಿನಲ್ಲಿ ಎರಡು ಸಲ ತೊಳೆಯಿರಿ. ನೆರೆಯವರು ಕೇಳಿದರೆ ಗೆಣ್ಣಿರುವ ಒಂದು ಎಳೆ ಕೊಡಿರಿ, ಎಲ್ಲಿ ನೆಡುತ್ತೀರಿ ಎಂದು ಕೇಳಿ ಕೊಡಿರಿ. ಹಾಗೆ ಕೇಳುವುದು ಎಷ್ಟು ಕಷ್ಟವೆಂದು ಕೊಟ್ರಮ್ಮನಿಗೆ ಗೊತ್ತು.

ಆ ದೀಪಾವಳಿಗೆ ಏಕಾಂತಪ್ಪ ಬಂದಿದ್ದ. ಚಟ್ನಿಯ ಮೊದಲ ತುತ್ತಿಗೇ ಊಟ ನಿಲ್ಲಿಸಿ ಹಿತ್ತಲ ಕಡೆ ನೋಡಿದ. ಆಮೇಲೆ ಹೇಳಿದ:

"ಅಷ್ಟನ್ನೂ ಎಬ್ಬಿಸಿ ಕೊಡು, ಕೊಟ್ರಿ. ಅವ್ವನ ಸಮಾಧಿ ಮೇಲೆ ಹಬ್ಬಿಸ್ತೀನಿ. ಸಾಯೋವಾಗ್ಲೂ ಊರು ಊರು ಅಂತಿದ್ಲು."

"ಆ ದಿಣ್ಣೆಯಾಗೆ ನೀರೈತೇನಣ್ಣ?"

"ಎಲ್ಲಿ ನೀರು? ಬರೀ ಗರಸು ಕಲ್ಲು. ದಿನಾ ಒಂದು ಕೊಡ ಹೊತ್ತು ಹಾಕ್ತೀನಿ."

ಅವ್ವನ ಸಮಾಧಿ ಮೇಲೆ ಹಬ್ಬಿಸುವ ಆಸೆ ಕೊಟ್ರಮ್ಮನಿಗೂ ಎಷ್ಟೋ ಸಲ ಆಗಿತ್ತು.

"ನಿಮ್ಮ ಗುಡಿಸಲ ಮುಸುರೆ ಹರಿಯೋ ತಾವಿಗೆ ಅಂದ್ರೆ ನಾಲ್ಕು ಎಳೆ ಕೊಡ್ತೀನಿ. ಅತ್ತಿಗೆಗೆ ಹೇಳಿ ನೆಡಿಸು."

"ಗುಡಿಸಲಿಗೆ ಯಾಕೆ? ಅವ್ವನಿಗೇ ಬೇಕು. ನಾಲ್ಕು ದಿನ ಹಸುರಾಗಿದ್ರೂ ಸಾಕು."

"ನಾಲ್ಕು ದಿನ ಆದ್ಮೇಲೆ?"

ಏಕಾಂತಪ್ಪ ಎದ್ದು ಹಿತ್ತಲ ಬಾಗಿಲಿಗೆ ಹೋಗಿ ನಿಂತ. "ಅವ್ವನಿಗೆ ಅಂತ ಕೇಳಿದ್ರೂ ಕೊಡಲ್ವೇನೇ?"

ಕೊಟ್ರಮ್ಮ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಸಮಾಧಿಗೆ ಒಂದು ಎಳೇನೂ ಕೊಡಲ್ಲ ಅಣ್ಣ."